ಯಾವ ಸೂರಿನ ಕೆಳಗೆ ಹಡೆಯುವುದು

ಯಾರ ಮನೆಗೆ ಹೋದರೂ ನಾನು ಮೊದಲು ತಲೆ ಎತ್ತಿ ಸೂರು ನೋಡುತ್ತೇನೆ. ಆಮೇಲೆ ಬಾಗಿಲು ಎಲ್ಲಿದೆ, ನಾನು ಕೂತ ಜಾಗದಿಂದ ಎಷ್ಟು ದೂರ, ನಡುವೆ ಮೇಜು ಗೀಜು ಏನಾದರೂ ಅಡ್ಡ ಇದೆಯೇ ಅಂತ ನೋಡುತ್ತೇನೆ. ಇಷ್ಟಾದ ಮೇಲೆಯೇ ಮನೆಯವರ ಮುಖ, ಚಹಾ, ಮಾತು. ಕೆಲವರು ನಾನು ಅವರ ಹೊಸ ಸ್ಲ್ಯಾಬನ್ನು ಮೆಚ್ಚಿಕೊಂಡೆ ಅಂತ ತಿಳಿದು ಖುಷಿಯಾಗುತ್ತಾರೆ. ಗವಂಡಿ ಯಾವ ಊರಿನವನು, ಸಿಮೆಂಟು ಎಂಥದ್ದು ಅಂತ ಕೇಳದೆಯೇ ಹೇಳುತ್ತಾರೆ. ಕೆಲವು ಹೆಣ್ಣುಮಕ್ಕಳು ಮಾತ್ರ ನಾನು ಜೇಡರಬಲೆ ಹುಡುಕುತ್ತಿದ್ದೇನೆ ಅಂತ ಮುಖ ಗಂಟು ಹಾಕಿಕೊಳ್ಳುತ್ತಾರೆ. ನಾನು ಯಾರಿಗೂ ವಿವರಿಸಲು ಹೋಗುವುದಿಲ್ಲ. ವಿವರಿಸಿ ವಿವರಿಸಿ ಸಾಕಾಗಿ ಹೋಗಿದೆ. ಗಡಿಯಾಚೆ ಮರಾಠಿ ನಾಡಿನ, ಭೂಕಂಪ ಕಂಡ ಉಮರ್ಗಾ ಸೀಮೆಯ ಹೆಂಗಸು ನಾನು, ಅಷ್ಟೆ. ನಮ್ಮ ಕಡೆ ನನ್ನ ವಯಸ್ಸಿನ ಯಾರನ್ನು ಬೇಕಾದರೂ ಗಮನಿಸಿ ನೋಡಿ, ಮದುವೆಯ ಊಟಕ್ಕೆ ಕೂರುವಾಗಲೂ ಬಾಗಿಲ ಕಡೆಯ ಸಾಲನ್ನೇ ಹಿಡಿಯುತ್ತಾರೆ.

ಮೊನ್ನೆ ಉದಗೀರದಲ್ಲಿ ಈ ಚಟ ಫಜೀತಿ ಮಾಡಿತು. ಮಗಳು ಸುರೇಖಾಳನ್ನು ಆ ಊರಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ, ದಿನ ತುಂಬುತ್ತ ಬಂದಿದೆ. ತಪಾಸಣೆಗೆ ಅವಳ ಜೊತೆ ಹೋಗಿದ್ದೆ. ಡಾಕ್ಟರಬಾಯಿ ಅವಳ ಹೊಟ್ಟೆ ನೋಡುತ್ತಿದ್ದರೆ ನಾನು ಸೂರು ನೋಡುತ್ತಿದ್ದೆ. ಆಕೆ, "ಕಾಯ್ ಝಾಲಂ ಆಜಿ, ಫ್ಯಾನ್ ಲಾವೂ ಕಾ?" ಅಂದರು. ಚಳಿಗಾಲದ ಬೆಳಿಗ್ಗೆ ಫ್ಯಾನು ಬೇಕೇ ಅಂತ ಕೇಳಿಸಿಕೊಳ್ಳುವ ಮುದುಕಿ ಆಗಿಬಿಟ್ಟೆನಲ್ಲ ಅಂತ ನನಗೇ ನಗು ಬಂತು. ಮಗಳು ಮಾತ್ರ ನಗಲಿಲ್ಲ, ಮೊಣಕೈ ಚಿವುಟಿದಳು.

ಹೊರಗೆ ಬಂದು ರಿಕ್ಷಾ ಹತ್ತಿದ ಮೇಲೆ ಮೆಲ್ಲಗೆ ಮಾತು ತೆಗೆದಳು.

"ಅವ್ವಾ, ನಂಗ ಈ ದವಾಖಾನಿ ಬ್ಯಾಡ ಅನಸ್ತದ. ಮನ್ಯಾಗೇ ಹಡೀಲೇನು?"

ಮೊಬೈಲಿನಲ್ಲಿ ಯಾರೋ ಒಬ್ಬ ಹೆಂಗಸು ಹೇಳುತ್ತಾಳಂತೆ. ಹಡೆಯುವುದು ರೋಗವಲ್ಲ, ಅದಕ್ಕೆ ದವಾಖಾನಿ ಯಾಕೆ ಅಂತ. ಮನೆಯಲ್ಲೇ ಒಂದು ದೀಪ ಹಚ್ಚಿಕೊಂಡು, ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಕೂತು, ಮೆತ್ತಗೆ ಹಾಡು ಕೇಳುತ್ತ ಹಡೆಯಬೇಕಂತೆ. ಚೊಚ್ಚಲ ಬಾಣಂತನ ತವರಿನದು. ಅಂದರೆ ಆ ಮನೆ, ಆ ದೀಪ, ಆ ತೊಟ್ಟಿ ಎಲ್ಲವೂ ನನ್ನ ಕೊರಳಿಗೇ ಬೀಳುವಂಥವು. "ಆಗಲಿ ನೋಡೋಣ" ಅಂತ ಅಂದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಆಗುವುದಿಲ್ಲ ಅನ್ನುವುದನ್ನು ಆಗಲಿ ನೋಡೋಣ ಅಂತ ಹೇಳುವುದು ರೂಢಿಯಾಗಿದೆ. ಉದಗೀರದಿಂದ ನಿಲಂಗಾ, ನಿಲಂಗಾದಿಂದ ಉಮರ್ಗಾ, ಎರಡು ಬಸ್ಸು ಬದಲಿಸಿ ಊರಿಗೆ ಬರುವವರೆಗೆ ನನ್ನ ತಲೆಯಲ್ಲಿ ಅದೇ ಗಿರಕಿ. ಮನೆಯೋ ದವಾಖಾನಿಯೋ? ಈ ಪ್ರಶ್ನೆ ಒಮ್ಮೆ ನನ್ನ ಜೀವವನ್ನೇ ಹಿಂಡಿ ಹಾಕಿದೆ. ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ ಅಂತ ಅಂದುಕೊಂಡಿರಲಿಲ್ಲ.

ಬಾಣಂತನ ಅಂದರೆ ನನಗೆ ಮೊದಲು ನೆನಪಾಗುವುದು ಹೊಗೆ. ನನ್ನ ತವರು ಆಳಂದದ ಕಡೆ. ಕಲ್ಲು ಮಣ್ಣಿನ ಮಾಳಿಗೆ ಮನೆ, ಅದರ ಹೊಟ್ಟೆಯಲ್ಲಿ ಕಿಟಕಿಯಿಲ್ಲದ ಒಂದು ಕತ್ತಲೆ ಕೋಣೆ. ಉಳಿದ ದಿನಗಳಲ್ಲಿ ಅದರಲ್ಲಿ ಜೋಳದ ಚೀಲ, ಕುಂಬಳಕಾಯಿ, ಇಲಿ ಇರುತ್ತಿದ್ದವು. ಮನೆಯಲ್ಲಿ ಯಾರಾದರೂ ಹಡೆದರೆ ಚೀಲ ಹೊರಗೆ ಬಂದು ಬಾಣಂತಿ ಒಳಗೆ ಹೋಗುತ್ತಿದ್ದಳು. ಇಲಿ ಅಲ್ಲೇ ಇರುತ್ತಿತ್ತು. ಬಾಣಂತಿಗೆ ಗಾಳಿ ಹತ್ತಬಾರದು ಅಂತ ಬಾಗಿಲಿಗೆ ಕಂಬಳಿ ಇಳಿಬಿಡುತ್ತಿದ್ದರು. ಮಂಚದ ಕೆಳಗೆ ಕೆಂಡ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ನಾವು ಹುಡುಗಿಯರು ಕಂಬಳಿಯ ಸಂದಿಯಲ್ಲಿ ಮೂಗು ತೂರಿಸಿ ಕೂಸು ಎಲ್ಲಿದೆ ಅಂತ ಹುಡುಕಿದರೆ ಕಣ್ಣೀರು ಸುರಿಯುತ್ತಿತ್ತೇ ಹೊರತು ಏನೂ ಕಾಣುತ್ತಿರಲಿಲ್ಲ.

ಆದರೆ ಕೂಸಿಗಿಂತ ನನಗೆ ಬೇಕಾಗಿದ್ದದ್ದು ಅಂಟಿನುಂಡಿ. ಒಣಕೊಬ್ಬರಿ, ಖಾರಿಕ, ಗೋಂದು, ತುಪ್ಪ, ಬೆಲ್ಲ! ಅದೆಲ್ಲ ಬಾಣಂತಿಗೆ ಮಾತ್ರ. ನಮ್ಮ ಕೈಗೆ ಬೀಳುತ್ತಿದ್ದದ್ದು ಚೂರು, ಅದೂ ಅವಳ ಮನಸ್ಸು ಒಳ್ಳೆಯದಿದ್ದರೆ. ಎಂಟನೆಯ ವಯಸ್ಸಿಗೇ ನಾನು, ದೊಡ್ಡವಳಾದ ಮೇಲೆ ಮೇಲಿಂದ ಮೇಲೆ ಹಡೆಯುತ್ತೇನೆ ಅಂತ ಘೋಷಿಸಿಬಿಟ್ಟಿದ್ದೆ. ನಮ್ಮವ್ವ, "ಯವ್ವಾ, ಇದರ ಬಾಯಿಗಿ ಏನರ ಬಡೀರಿ" ಅಂತ ಹಣೆ ಹಣೆ ಚಚ್ಚಿಕೊಂಡಿದ್ದಳು.

ಅದೇ ಕೋಣೆಯಲ್ಲಿ ನನ್ನ ಚೊಚ್ಚಲ ಹೆರಿಗೆಯಾಯಿತು. ಮುಂಜಾನೆ ಶುರುವಾದ ಬ್ಯಾನಿ ಮರುದಿನಕ್ಕೆ ಹೊರಳಿತು. ಸೂಲಗಿತ್ತಿ ಎಣ್ಣೆ ಸವರಿದಳು, ಹೊಟ್ಟೆ ಒತ್ತಿದಳು, ದೇವರಿಗೆ ಬೈದಳು. ಅಪ್ಪ ದವಾಖಾನಿಗೆ ಗಾಡಿ ಹೂಡಲೇ ಅಂತ ಬಾಗಿಲಾಚೆಯಿಂದ ಕೇಳಿದ್ದು ನನಗೆ ಕೇಳಿಸಿತು. "ಈಗ ಆಗ್ತದ ತಡೀರಿ" ಅಂತ ಒಳಗಿನವರೆಲ್ಲ ಅಂದರು. ಆಯಿತು. ಗಂಡು ಕೂಸು. ಅಳಲಿಲ್ಲ. ಬೆನ್ನು ತಟ್ಟಿದರು, ಕಾಲು ಹಿಡಿದು ಜೋತು ಬಿಟ್ಟರು, ಕಿವಿಯ ಹತ್ತಿರ ತಾಟು ಬಾರಿಸಿದರು. ಅಳಲೇ ಇಲ್ಲ. ಆ ತಾಟಿನ ಸದ್ದು ಇವತ್ತಿಗೂ ನನಗೆ ಆಗಿಬರುವುದಿಲ್ಲ. ಕೂಸು ಹೋದರೂ ಬಾಣಂತಿ ಬಾಣಂತಿಯೇ ಅಲ್ಲವೇ, ಅವ್ವ ಅಂಟಿನುಂಡಿ ಕಟ್ಟಿ ಕೊಟ್ಟಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಗಂಡನ ಮನೆ ಮುರುಮದ ಹತ್ತಿರದ ಒಂದು ಊರು. ಕುರಿ, ಹೊಲ, ಬೀರಪ್ಪ ದೇವರು, ಈ ಮೂರರಲ್ಲಿ ಮುಳುಗಿದ ಮನೆತನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕುರಿಗಳ ಜೊತೆ ಎರಡೂ. ನಮ್ಮ ಅತ್ತೆ ಆ ಮನೆಯ ಪೋಲೀಸ್ ಪಾಟೀಲ. ಆಕೆಗೆ ಇದ್ದದ್ದು ಇಬ್ಬರೇ ಮಕ್ಕಳು, ನಮ್ಮವರು ಮತ್ತು ಅವರ ತಂಗಿ ಮಾಳವ್ವ. ಮಾಳವ್ವನನ್ನು ನಿಲಂಗಾಕ್ಕೆ ಕೊಟ್ಟಿದ್ದರು. ನನಗಿಂತ ಚಿಕ್ಕವಳು, ನಕ್ಕರೆ ಒಸಡೆಲ್ಲ ಕಾಣುವ ಹುಡುಗಿ. ನನ್ನ ಕೂಸು ಹೋದ ಸುದ್ದಿ ಕೇಳಿ ಓಡಿ ಬಂದು, ಸಮಾಧಾನ ಹೇಳಲು ಬಾರದೆ, ಇಡೀ ದಿನ ನನ್ನ ತಲೆ ಬಾಚುತ್ತ ಕೂತಿದ್ದಳು.

ಮುಂದಿನ ವರ್ಷ ಅವಳೇ ಚೊಚ್ಚಲಕ್ಕೆ ತವರಿಗೆ ಬಂದಳು. ಸುಖವಾಗಿ ಹಡೆದಳು. ಅತ್ತೆ ಮಗಳನ್ನೂ ಮೊಮ್ಮಗಳನ್ನೂ ಒಳಕೋಣೆಯಲ್ಲಿ ಮಲಗಿಸಿ, ಗಾಳಿ ಹತ್ತಬಾರದು ಅಂತ ತಾನೇ ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಒಳಗೆ ಕೆಂಡದ ಧಗೆ, ಅದಕ್ಕೆ ನಾವು ಉಳಿದವರು ಅಂಗಳದಲ್ಲಿ. ಆ ಬೆಳಗಿನ ಜಾವ ಭೂಮಿ ಅಲುಗಾಡಿದಾಗ ಅಂಗಳದಲ್ಲಿದ್ದ ನಮಗೆ ಒಂದು ಗೀರೂ ಆಗಲಿಲ್ಲ. ನಮ್ಮ ಊರಲ್ಲಿ ಬಿದ್ದ ಮನೆಗಳು ಕಡಿಮೆ. ಬಿದ್ದವುಗಳಲ್ಲಿ ನಮ್ಮದೊಂದು. ಅತ್ತೆ ಅಂಗಳದಲ್ಲಿ ನಿಂತು, ಮಾಳಿಗೆ ಒಳಕ್ಕೆ ಕುಸಿಯುವುದನ್ನು ಕಣ್ಣಾರೆ ನೋಡಿದಳು.

ಆಕೆ ಅಳಲಿಲ್ಲ. ಮಣ್ಣು ಸರಿಸುವಾಗ ಅಳಲಿಲ್ಲ, ತಾಯಿ ಕೂಸು ಇಬ್ಬರನ್ನೂ ಮಣ್ಣು ಮಾಡುವಾಗಲೂ ಅಳಲಿಲ್ಲ. ಆದರೆ ಅಂದಿನಿಂದ ಯಾವ ಸೂರಿನ ಕೆಳಗೂ ಕಾಲಿಡಲಿಲ್ಲ. ಎಲ್ಲರಿಗೂ ಪತ್ರಾ ಶೆಡ್ಡು ಬಂದವು. ನಾಲ್ಕು ಕಂಬ, ಮೇಲೆ ತಗಡು. ಬಿದ್ದರೂ ತಲೆಗೆ ಬುಗುಟೆ ಬಂದೀತು ಅಷ್ಟೆ. ಅದರೊಳಗೂ ಬರಲಿಲ್ಲ. ಬೇವಿನ ಗಿಡದ ಕೆಳಗೆ ಒಲೆ, ಬೇವಿನ ಗಿಡದ ಕೆಳಗೆ ಹಾಸಿಗೆ. ಮಳೆ ಬಂದರೆ ಕಂಬಳಿಯ ಕೊಪ್ಪೆ ಹೊದ್ದು ಕೂತುಬಿಡುತ್ತಿದ್ದಳು. ನಮ್ಮವರು ಒಳಗೆ ಬಾ ಅಂತ ಎಳೆದಾಡಿ, ರೇಗಿ, ಕಡೆಗೆ ತಾವೂ ಹೋಗಿ ಮಳೆಯಲ್ಲಿ ಪಕ್ಕಕ್ಕೆ ಕೂರುತ್ತಿದ್ದರು.

ಆ ದಿನಗಳಲ್ಲಿ ಊರಿಗೆ ಬರುವವರಿಗೆ ಲೆಕ್ಕವಿರಲಿಲ್ಲ. ಬಟ್ಟೆಯ ಗಂಟು ಹೊತ್ತ ಲಾರಿಗಳು ಬರುತ್ತಿದ್ದವು. ನಮ್ಮವರ ಪಾಲಿಗೆ ಒಂದು ಕರಿ ಕೋಟು ಬಂತು, ಮದುಮಕ್ಕಳು ಹಾಕುವಂಥದ್ದು. ಅದನ್ನು ಧೋತರದ ಮೇಲೆ ತೊಟ್ಟು ಕುರಿ ಕಾಯಲು ಹೋಗುತ್ತಿದ್ದರು. ಕ್ಯಾಮೆರಾ ಹಿಡಿದ ಒಬ್ಬ ಮನುಷ್ಯ ಅವರನ್ನು ತಡೆದು, ಭೂಕಂಪವಾಗುವುದು ನಿಮ್ಮ ಕುರಿಗಳಿಗೆ ಮೊದಲೇ ಗೊತ್ತಾಗಿತ್ತೇ, ಒದರಾಡಿದವೇ ಅಂತ ಕೇಳಿದ. ನಮ್ಮವರು ಯೋಚಿಸಿ, "ಇಲ್ರೀ ಸಾಹೇಬ್ರ, ಮಕ್ಕೊಂಡಿದ್ವು" ಅಂದರು. ಅಂವ ಬೇಸರಪಟ್ಟು ಬೇರೆ ಕುರುಬನನ್ನು ಹುಡುಕಿಕೊಂಡು ಹೋದ.

ಇಂಥದ್ದರಲ್ಲಿ ನಾನು ಮತ್ತೆ ಬಸುರಿಯಾದೆ. ಸಂತೋಷಪಡಲು ಯಾರಿಗೂ ತ್ರಾಣವಿರಲಿಲ್ಲ. ಎರಡನೆಯ ಬಾಣಂತನ ಗಂಡನ ಮನೆಯದು ಅಂತ ನಮ್ಮಲ್ಲಿ ಪದ್ಧತಿ. ಗಂಡನ ಮನೆಯೇ ಇರಲಿಲ್ಲ, ಪತ್ರಾ ಇತ್ತು. ಹೊಟ್ಟೆ ಕಾಣಿಸಿಕೊಂಡ ದಿನದಿಂದಲೇ ಅತ್ತೆಗೂ ನನಗೂ ತಿಕ್ಕಾಟ ಶುರುವಾಯಿತು.

ನಾನು ದವಾಖಾನಿಗೆ ಹೋಗುತ್ತೇನೆ ಅಂದೆ. ಉಮರ್ಗಾದ ಹೆದ್ದಾರಿ ಬದಿಯಲ್ಲಿ ಒಬ್ಬ ಡಾಕ್ಟರಬಾಯಿಯ ಸಣ್ಣ ಹೆರಿಗೆ ದವಾಖಾನಿ ಇತ್ತು. ಗಟ್ಟಿ ಸ್ಲ್ಯಾಬಿನದು.

"ಸ್ಲ್ಯಾಬಿನ ಕೆಳಗ? ನಾ ಜೀವಂತ ಇರೂತನಾ ಬಿಡಂಗಿಲ್ಲ" ಅಂದಳು ಅತ್ತೆ. "ನಾ ಕುರಿ ಹಿಂದ ಹಡದಾಕಿ. ನಿನ್ನ ಗಂಡಗ ಬೈಲಾಗ ಹಡದು, ಕುಡಗೋಲಿಲೆ ಹೊಕ್ಕಳ ಹುರಿ ಕೊಯ್ದು, ಕಂಬಳ್ಯಾಗ ಸುತ್ಕೊಂಡು, ಸಂಜಿಗಿ ಕುರಿ ಹೊಡ್ಕೊಂಡು ಬಂದೀನಿ. ಮ್ಯಾಲ ಏನಿತ್ತು? ಆಭಾಳ. ಆಭಾಳ ಯಾರ ಮ್ಯಾಲರ ಬಿದ್ದದ್ದು ಕೇಳೀದೇನು?"

"ಆಭಾಳ ಬೀಳಂಗಿಲ್ಲ ಖರೇ ಅತ್ತಿ. ಕೂಸು ಅಳ್ಲಿಲ್ಲಂದ್ರ ಆಭಾಳ ಏನ್ ಮಾಡ್ತದ?"

ಮರುದಿನ ಮತ್ತೆ ಅದೇ. ಜಗಳ ಅಂದರೆ ಕೂಗಾಟವಲ್ಲ. ಕೂಗಲು ಇಬ್ಬರಿಗೂ ಶಕ್ತಿ ಇರಲಿಲ್ಲ. ರೊಟ್ಟಿ ಬಡಿಯುತ್ತ ಆಕೆ ಒಂದು ಮಾತು, ನೀರು ಹೊತ್ತು ತರುತ್ತ ನಾನೊಂದು ಮಾತು. ನನಗೆ ಮನೆ ಅಂದರೆ ಅಳದ ಕೂಸು ಕಾಣುತ್ತಿತ್ತು. ಆಕೆಗೆ ಸೂರು ಅಂದರೆ ಮಾಳವ್ವ ಕಾಣುತ್ತಿದ್ದಳು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ, ಈ ಕೂಸು ಬದುಕಬೇಕು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ, ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ.

ನಮ್ಮವರನ್ನು ಕೇಳಿದರೆ, "ನೀವಿಬ್ರೂ ಏನಂತೀರಿ ಅದೇ" ಅನ್ನುತ್ತಿದ್ದರು. ಊರ ಸೂಲಗಿತ್ತಿ ತಾರವ್ವನನ್ನು ಅತ್ತೆ ಕರೆಸಿದಳು. ತಾರವ್ವ ಪತ್ರಾದೊಳಗೆ ಬಂದು, ನಾಲ್ಕೂ ಕಡೆಯ ಸಂದಿಯಿಂದ ಬೀಳುತ್ತಿದ್ದ ಬಿಸಿಲನ್ನು ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದಳು. "ಯವ್ವಾ, ಇಷ್ಟು ಬೆಳಕಿನ್ಯಾಗ ನಂಗ ಆಗಲ್ಲ ನೋಡು. ಇಷ್ಟು ದಿನ ಕತ್ತಲ್ಯಾಗ ಕೈ ಆಡ್ಸಿ ಮಾಡೀನಿ. ಕಣ್ಣಿಲೆ ನೋಡಿದ್ರ ಹೆದ್ರಿಕಿ ಬರ್ತದ" ಅಂತ ಅಂದು, ಚಹಾ ಕುಡಿದು ಹೋದಳು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ನಗು ಬಂತು, ಆದರೆ ನಾನು ನೋಡುತ್ತೇನೆ ಅಂತ ಸೆರಗು ಅಡ್ಡ ಹಿಡಿದಳು.

ಕಡೆಗೆ ಬೀರಪ್ಪನಿಗೇ ಹೂ ಕೇಳುವುದು ಅಂತ ಆಯಿತು. ನಮ್ಮಲ್ಲಿ ಬಗೆಹರಿಯದ ಮಾತೆಲ್ಲ ಹಾಗೇ ಬಗೆಹರಿಯುತ್ತದೆ. ದೇವರ ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳನ್ನು ನೀರು ಹಚ್ಚಿ ಅಂಟಿಸುತ್ತಾರೆ. ಯಾವುದು ಮೊದಲು ಬಿತ್ತೋ ಅದು ದೇವರ ಮಾತು. ಗುಡಿಯೂ ಬಿದ್ದಿದ್ದರಿಂದ ದೇವರೂ ನಮ್ಮಂತೆಯೇ ಪತ್ರಾದಲ್ಲಿದ್ದ. ಅತ್ತೆ ಹೊರಗೇ ಕೂತು ಬಾಗಿಲಿನಿಂದ ಕೈ ಮುಗಿದಳು. ಬಲದ ಎಸಳು ಬಿದ್ದರೆ ಮನೆ, ಎಡದ್ದು ಬಿದ್ದರೆ ದವಾಖಾನಿ ಅಂತ ಪೂಜಾರಿ ಸಾರಿದ. ಅರಿಶಿನದ ಭಂಡಾರ ಎರಚಿದ. ಮಾಘದ ಬಿಸಿಲಿಗೆ ತಗಡು ಕಾದು ಒಳಗೆ ಧಗಧಗ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡೂ ಎಸಳು ಒಟ್ಟಿಗೇ ಉದುರಿದವು.

ಪೂಜಾರಿ ತಲೆ ಕೆರೆದುಕೊಂಡ. "ಕಾವಿಗಿ ಒಣಗಿ ಬಿದ್ದಾವ. ಇನ್ನೊಮ್ಮಿ ಹಚ್ಚಲೇನ್ರಿ?"

"ಬ್ಯಾಡ" ಅಂದಳು ಅತ್ತೆ ಹೊರಗಿನಿಂದ. "ಒಮ್ಮಿ ಹೇಳಿದ್ದು ದೇವ್ರು ಎರಡ್ ಸಲ ಹೇಳಂಗಿಲ್ಲ. ಎರಡೂ ಅಂತ ಅಂದಾನ."

ಎರಡೂ ಅಂದರೆ ಏನು? ಒಂದು ಕೂಸನ್ನು ಎರಡು ಕಡೆ ಹಡೆಯುವುದು ಹೇಗೆ? ನಾನಂತೂ ದೇವರಿಗೂ ಈ ಜಗಳ ಕೇಳಿ ಬೇಸರ ಬಂದಿದೆ, ಏನಾದರೂ ಮಾಡಿಕೊಳ್ಳಿ ಅಂತ ಕೈ ಚೆಲ್ಲಿದ್ದಾನೆ ಅಂತಲೇ ತಿಳಿದೆ. ಅತ್ತೆ ಹಾಗೆ ತಿಳಿಯಲಿಲ್ಲ. ನನಗೆ ದಿನ ತುಂಬಿದ ಕೂಡಲೇ ಮನೆಯನ್ನೇ ಕಟ್ಟಿಕೊಂಡು ದವಾಖಾನಿಗೆ ಹೊರಟಳು. ಮಂಚ, ಕಂಬಳಿ, ಕುಡಗೋಲು, ಕುಳ್ಳು, ಕೊಡ, ಬುಟ್ಟಿ, ಭಂಡಾರದ ಚೀಲ, ಎಲ್ಲವೂ ಟೆಂಪೋದಲ್ಲಿ. ಆ ದವಾಖಾನಿಯ ಅಂಗಳದಲ್ಲಿ ಒಂದು ಬೇವಿನ ಗಿಡವಿತ್ತು. ಅದರ ಕೆಳಗೆ ಮಂಚ ಹಾಕಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿ, "ಇದು ಮನೀನೂ ಆಯ್ತು, ದವಾಖಾನೀನೂ ಆಯ್ತು. ಇಲ್ಲೇ ಹಡಿ" ಅಂದಳು.

ನಮ್ಮ ಕುರುಬರಿಗೆ ಇದು ವಿಚಿತ್ರವಲ್ಲ. ಎಲ್ಲಿ ಕುರಿ ತರುಬಿದರೋ ಅಲ್ಲೇ ಒಲೆ, ಅಲ್ಲೇ ಮನೆ. ಆದರೆ ದವಾಖಾನಿಯವರಿಗೆ ಎಲ್ಲಿ ತಿಳಿಯಬೇಕು? ಡಾಕ್ಟರಬಾಯಿ ಹೊರಗೆ ಬಂದು ಹೊಗೆ ನೋಡಿ ಗಾಬರಿಯಾದರು. ಅತ್ತೆ ಕೈ ಮುಗಿದು ತನಗೆ ಬಂದ ಮರಾಠಿಯಲ್ಲಿ, "ಬಾಯೀ, ತುಮಚಾ ಟೇಬಲ್ ಬಾಹೇರ ಕಾಢಾ ಕೀ" ಅಂದಳು. ನಿಮ್ಮ ಮೇಜನ್ನೇ ಹೊರಗೆ ತನ್ನಿ, ಗಿಡದ ಕೆಳಗೆ ಹಾಕೋಣ ಅಂತ. ಡಾಕ್ಟರಬಾಯಿ ಒಳ್ಳೆಯ ಹೆಂಗಸು, ಬೈಯಲಿಲ್ಲ. ಆಕೆಯೂ ಆ ಸೀಮೆಯವರೇ, ಭೂಕಂಪ ಕಂಡವರೇ. ಮೇಜು ಹೊರಗೆ ಬರುವುದಿಲ್ಲ, ಅಜ್ಜಿಯೇ ಒಳಗೆ ಬರಲಿ ಅಂದರು. "ಕಾಹೀ ಹೋತ ನಾಹೀ ಆಜಿ. ಆತ ಯಾ." ಏನೂ ಆಗುವುದಿಲ್ಲ, ಒಳಗೆ ಬನ್ನಿ.

ಅತ್ತೆ ಒಲೆಗೆ ಕುಳ್ಳು ಒಡ್ಡುತ್ತ ತನ್ನಷ್ಟಕ್ಕೆ ಕನ್ನಡದಲ್ಲಿ, "ನಾನೂ ಮಾಳವ್ವಗ ಹಿಂಗೇ ಅಂದಿದ್ದೆ" ಅಂದಳು. ಸತ್ತ ಮೇಲೆ ಮಗಳ ಹೆಸರನ್ನು ಆಕೆಯ ಬಾಯಿಂದ ಕೇಳಿದ್ದು ಅದೇ ಮೊದಲು. ನನಗೆ ಜಗಳವಾಡುವ ಮನಸ್ಸು ಪೂರಾ ಹೋಯಿತು. ಇಲ್ಲೇ ಈ ಗಿಡದ ಕೆಳಗೇ ಹಡೆದುಬಿಡಲೇ, ಈ ಮುದುಕಿಗೆ ಇದೊಂದು ಸಮಾಧಾನವಾದರೂ ಸಿಗಲಿ ಅಂತ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ಕಿವಿಯ ಹತ್ತಿರ ತಾಟಿನ ಸದ್ದು. ಇಲ್ಲ, ಬೇಡ. ನನ್ನ ಕೂಸು ಅಳಬೇಕು.

ಹೀಗೆ ಅಂಗಳದಲ್ಲಿ ಸಂಸಾರ ಹೂಡಿ ಕಾದೆವು. ದವಾಖಾನಿಗೆ ಬಂದವರೆಲ್ಲ ನಮ್ಮ ಒಲೆಯ ಹತ್ತಿರ ಕೂತು, ಸಲಹೆ ಕೊಟ್ಟು ಹೋಗುತ್ತಿದ್ದರು. ಸೊಸೆಯ ಹೆರಿಗೆಗೆ ಬಂದಿದ್ದ ಜಳಕೋಟದ ಅಜ್ಜ ಒಬ್ಬ ದಿನವೂ ಹೋಗುವಾಗ ಬರುವಾಗ, "ಹಡದ್ಳೇನ್ರಿ?" ಅಂತ ಕೇಳುತ್ತಿದ್ದ. ನಾನು ಎದುರಿಗೇ ಬೆಟ್ಟದಂಥ ಹೊಟ್ಟೆ ಹೊತ್ತು ಕೂತಿರುತ್ತಿದ್ದೆ.

ಬ್ಯಾನಿ ಬಂದದ್ದು ಒಂದು ಮಧ್ಯಾಹ್ನ. ನಾನು ಯಾರನ್ನೂ ಕೇಳಲಿಲ್ಲ, ಎದ್ದು ನಡೆದೆ. ಮೆಟ್ಟಿಲವರೆಗೆ ಅತ್ತೆ ನನ್ನ ರಟ್ಟೆ ಹಿಡಿದು ಬಂದಳು. ಅಲ್ಲಿಂದ ಮುಂದೆ ಆಕೆಯ ಕಾಲು ಏಳಲಿಲ್ಲ. ಹಣೆಗೆ ಭಂಡಾರ ಹಚ್ಚಿದಳು. "ಹೋಗ್ ಯವ್ವಾ" ಅಂದಳು. ಅತ್ತೆಯ ಮುಖ ನೋಡಿ ನನಗೆ ಅಳು ಬಂತು. ಆಕೆ ತಿರುಗಿ ಗಿಡದ ಕಡೆ ಹೋದಳು.

ಒಳಗೆ ಬಹಳ ಹೊತ್ತಾಯಿತು. ನೆತ್ತಿಯ ಮೇಲಿನ ಸ್ಲ್ಯಾಬಿನಲ್ಲಿ ಕೂದಲೆಳೆಯಂಥ ಒಂದು ಬಿರುಕಿತ್ತು. ಬ್ಯಾನಿ ಬಂದಾಗ ದೇವರ ಹೆಸರು ಹೇಳುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ. ಕೂಸಿನ ತಲೆ ಬಂತು, ಇನ್ನೊಂದು ಸಲ ಜೋರು ಹಾಕು ಅಂತ ಡಾಕ್ಟರಬಾಯಿ ಹೇಳುತ್ತಿದ್ದರು. ಆಗ ಕಿಟಕಿಯ ಗಾಜು ಗದಗದ ಅಂದಿತು. ತಟ್ಟೆಯಲ್ಲಿದ್ದ ಕತ್ತರಿ ಚಿಮಟ ಎಲ್ಲ ಕುಣಿದವು. ನೆಲದಿಂದ ಒಂದು ಗುಡುಗು ಮೇಲೆದ್ದು ಮೇಜಿನ ಕಾಲಿಗೆ ಬಂತು. ಪಡಸಾಲೆಯಲ್ಲಿ ಯಾರೋ ಕಿರುಚಿದರು.

"ಹಲ್ತಂಯ್! ಹಲ್ತಂಯ್!"

ಅಲುಗಾಡುತ್ತಿದೆ ಅಂತ. ಆ ಒಂದು ಮಾತಿಗೆ ಆ ವರ್ಷಗಳಲ್ಲಿ ನಮ್ಮ ಸೀಮೆಯವರ ಕಾಲು ತಾವಾಗಿಯೇ ಓಡುತ್ತಿದ್ದವು, ತಲೆಯನ್ನು ಕೇಳುತ್ತಿರಲಿಲ್ಲ. ಬಾಣಂತಿಯರು ಕೂಸು ಎತ್ತಿಕೊಂಡು ಓಡಿದರು. ಜಳಕೋಟದ ಅಜ್ಜ ಓಡಿದ. ನರ್ಸಬಾಯಿ ಓಡಿದಳು. ಡಾಕ್ಟರಬಾಯಿ ಬಾಗಿಲವರೆಗೆ ಹೋಗಿ, ನನ್ನನ್ನು ತಿರುಗಿ ನೋಡಿ, ಅಷ್ಟರಲ್ಲಿ ಹಿಂದಿನವರ ನೂಕಿಗೆ ಅವರೂ ಹೊರಗೆ. ನಾನು ಯಾರನ್ನೂ ತಪ್ಪು ಅನ್ನುವುದಿಲ್ಲ. ಮೇಜಿಗೆ ಕಾಲು ಕಟ್ಟಿರದಿದ್ದರೆ ನಾನೂ ಓಡುತ್ತಿದ್ದೆ. ಓಡುವ ಹಾಗಿರಲಿಲ್ಲ. ಮೇಲೆ ಬಿರುಕು, ಕೆಳಗೆ ಅರ್ಧ ಬಂದ ಕೂಸು. ಮುಗಿಯಿತು ಅಂದುಕೊಂಡೆ.

ಹೊರಗೆ ಏನಾಯಿತು ಅಂತ ನಮ್ಮವರು ಆಮೇಲೆ ಹೇಳಿದರು. ಅತ್ತೆ ಗಿಡದ ಕೆಳಗೆ ನಿಂತು, ಬಾಗಿಲಿನಿಂದ ಬರುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳಂತೆ. ಎಲ್ಲರೂ ಬಂದರು. ನಾನು ಬರಲಿಲ್ಲ. ಆಕೆ ಹೆಗಲ ಕಂಬಳಿಯನ್ನೂ ಬಿಡದೆ, ಬರುವ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳಂತೆ. ನಮ್ಮವರು "ಅವ್ವಾ!" ಅಂತ ಸೆರಗು ಹಿಡಿದರೆ ಸೆರಗು ಹರಿಯಿತಂತೆ.

ನನಗೆ ಮೊದಲು ಗೊತ್ತಾದದ್ದು ಕುರಿಯ ವಾಸನೆ. ಆಮೇಲೆ ಕತ್ತಲೆ. ಅತ್ತೆ ನನ್ನ ತಲೆಯ ಎರಡೂ ಕಡೆ ಮೊಣಕೈ ಊರಿ ನನ್ನ ಮೇಲೆ ಬಗ್ಗಿದ್ದಳು. ಆಕೆಯ ಬೆನ್ನ ಮೇಲೆ ಕಂಬಳಿ. ನನಗೆ ಬಿರುಕೂ ಕಾಣಲಿಲ್ಲ, ಸೂರೂ ಕಾಣಲಿಲ್ಲ. ಆಕೆಯ ಮುಖವೊಂದೇ, ಹತ್ತಿರ, ಬೆವರಿನಲ್ಲಿ ತೊಯ್ದು ಹೋಗಿತ್ತು.

"ಅತ್ತಿ, ಹೊರಗ ಹೋಗ್ರಿ! ನಿಮ್ಮ ಕಾಲಿಗಿ ಬೀಳ್ತೀನಿ, ಹೋಗ್ರಿ!"

"ಸುಮ್ನಿರು" ಅಂದಳು. "ಒಮ್ಮಿ ಹೊರಗ ನಿಂತ್ ನೋಡೀನಿ. ಸಾಕಾಗ್ಯಾದ. ಜೋರ್ ಹಾಕು."

ಹಾಕಿದೆ. ಕೂಸು ಬಂತು. ಬಂದದ್ದೇ ತಡ, ಇಡೀ ದವಾಖಾನಿ ಕೇಳುವ ಹಾಗೆ ಒದರಿತು. ನಾನೂ ಒದರಿದೆ, ಅಳ್ತದ, ಅಳ್ತದ ಅಂತ. ಅತ್ತೆ ಹಾಗೇ ಬಗ್ಗಿಕೊಂಡಿದ್ದಳು, ಬೆನ್ನು ನೆಟ್ಟಗೆ ಮಾಡಲಿಲ್ಲ.

ಎರಡೆರಡು ಟ್ರಾಲಿ ಕಟ್ಟಿದ ಕಬ್ಬಿನ ಟ್ರಾಕ್ಟರುಗಳು ಕಾರ್ಖಾನೆಗೆ ಹೋಗುತ್ತ ಸಾಲಾಗಿ ದವಾಖಾನಿಯ ಗೋಡೆಯ ಪಕ್ಕದಲ್ಲೇ ಹಾದಿದ್ದವು, ಅಷ್ಟೆ, ಭೂಕಂಪವಲ್ಲ. ಜನ ನಾಚಿಕೊಂಡು ಒಬ್ಬೊಬ್ಬರೇ ಒಳಗೆ ಬಂದರು. ಡಾಕ್ಟರಬಾಯಿ ಓಡಿ ಬಂದು, ಕಣ್ಣೀರು ಒರೆಸಿಕೊಳ್ಳುತ್ತಲೇ ಹುರಿ ಕತ್ತರಿಸಿ, ಕೂಸನ್ನು ಒರೆಸಿ ನನ್ನ ಎದೆಯ ಮೇಲಿಟ್ಟರು. ಹೆಣ್ಣು, ಚೆನ್ನಾಗಿದೆ ಅಂದರು. ಅವಳೇ ಈ ಸುರೇಖಾ. ಅತ್ತೆಯ ಮೊಣಕೈಯನ್ನು ಮೇಜಿನಿಂದ ಬಿಡಿಸಲು ನರ್ಸಬಾಯಿ ಬೇಕಾಯಿತು.

ನಮ್ಮವರು ಬಾಗಿಲಲ್ಲಿ ನಿಂತು, "ಅವ್ವಾ, ಹೊರಗ ಬಾ. ಗಿಡದ ಕೆಳಗ ಹಾಸಿಗಿ ಹಾಸೀನಿ" ಅಂತ ಕರೆದರು.

ಅತ್ತೆ ತಲೆ ಎತ್ತಿ ಸ್ಲ್ಯಾಬನ್ನು ಒಮ್ಮೆ ನೋಡಿದಳು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ನೆಲಕ್ಕೆ ಕುಸಿದು ಕೂತಳು.

"ಬ್ಯಾಡೋ. ಭಾಳ ದಣದೀನಿ. ಜರಾ ಇಲ್ಲೇ ಕುಂದರ್ತೀನಿ."

ಕೂತಲ್ಲೇ ನಿದ್ದೆ ಹೋದಳು. ಕೂಸು ಒಂದೇ ಸಮನೆ ಅಳುತ್ತಿತ್ತು, ಆಕೆಗೆ ಎಚ್ಚರಾಗಲಿಲ್ಲ.